ಉಪ್ಪಿನ ಆಗರದ ಕೇಸರಿ ಬಣ್ಣ

ಅಕ್ಕಾರ, ವೈನಿಯವರ, ಈಗ ಮಾರಿಗೆ ಹಚ್ಚೋ ಕೆಲವು ಕ್ರೀಮಿನ ಡಬ್ಬಿ ಮ್ಯಾಲೆ ಸಮುದ್ರದ ಪಾಚಿಯಿಂದ ತಗದ ಬೀಟಾ ಕ್ಯಾರೋಟಿನ್ ಅದ ಅಂತ ಬರದಿರ್ತಾರ. ಹುಡುಗ್ಯಾರು ಏನೋ ಹೊಸಾದು ಅಂತ ರೊಕ್ಕಾ ಸುರೀತಾರ. ಖರೇ ಅಂದ್ರ ಇದರ ಕಥಿ ಭಾಳ ಹಳೇದು.

ಕ್ಯಾರೋಟಿನ್ ಅನ್ನೋ ಹೆಸರು ಬಂದದ್ದ ಗಜ್ಜರಿಯಿಂದ. 1831ರಾಗ ಜರ್ಮನಿಯ ವಾಕೆನ್‌ರೋಡರ್ ಅನ್ನೋರು ಗಜ್ಜರಿಯೊಳಗಿನ ಈ ಬಣ್ಣ ಬ್ಯಾರೆ ಮಾಡಿ ತಗದ್ರು. ಸಮುದ್ರದ ಕಥಿ ಶುರು ಆದದ್ದು ಫ್ರಾನ್ಸಿನ ದಕ್ಷಿಣ ದಂಡಿಯ ಉಪ್ಪಿನ ಆಗರದಾಗ. ಗೋಕರ್ಣದ ಹತ್ರ ಸಾಣಿಕಟ್ಟಾ ನೋಡಿದವರಿಗೆ ಆಗರ ಅಂದ್ರೇನು ಗೊತ್ತ ಅದ. ಅಲ್ಲಿ ಫ್ರಾನ್ಸಿನಾಗ ನೀರು ಇಂಗಿ ಉಪ್ಪು ಕಟ್ಟೋ ಹೊತ್ತಿಗೆ ಕೆಂಪಾಗ್ತಿತ್ತು. ಸಣ್ಣ ಸಿಗಡಿಯಂಥಾ ಹುಳದಿಂದ ಅಂತ ಕೆಲವರು ಅಂದ್ರು. ಅಲ್ಲ, ಕಣ್ಣಿಗೆ ಕಾಣದ ಪಾಚಿಯಿಂದ ಅಂತ 1838ರಾಗ ಹೇಳಿದವರು ಮಿಷೆಲ್ ಫೆಲಿಕ್ಸ್ ದುನಾಲ್. 1905ರಾಗ ಆ ಪಾಚಿಗೆ ಅವರ ಹೆಸರನ ಇಟ್ಟರು: ದುನಾಲಿಯೆಲ್ಲಾ.

ಮಜಾ ಏನಂದ್ರ, ಈ ಪಾಚಿ ಮೂಲದಾಗ ಹಸರು. ಬಿಸಲು ಸುಡಲಿಕತ್ತಿ, ಉಪ್ಪು ಏರಿ, ಹೊಟ್ಟಿಗೆ ಕಡಿಮಿ ಬಿದ್ದಾಗ ಮೈತುಂಬ ಕ್ಯಾರೋಟಿನ್ ತುಂಬಿಕೊಂಡು ಕೇಸರಿ ಆಗ್ತದ. ನಾವು ಬಿಸಲಿಗೆ ಸೆರಗು ಹೊತ್ತಂಗ! ಒಣಗಿಸಿ ತೂಗಿದ್ರ ನೂರಕ್ಕ ಹತ್ತರಷ್ಟು ತನಕಾ ಬರೇ ಈ ಬಣ್ಣನ ಇರಬಹುದು. ಉಪ್ಪು ತನ್ನ ಮೈಯಾಗಿನ ನೀರು ಎಳಕೊಳ್ಳಬಾರದು ಅಂತ ಒಳಗ ಗ್ಲಿಸರಿನ್ ಸೈತ ಮಾಡಿಕೊಳ್ತದ. ನಾವು ಥಂಡಿ ದಿನದಾಗ ಕೈಕಾಲಿಗೆ ಹಚ್ಚತೀವಲ್ಲ, ಅದ ಗ್ಲಿಸರಿನ್.

1954ರ ಸುಮಾರು ಕಾರ್ಖಾನಿಯೊಳಗ ರಸಾಯನದಿಂದ ಬೀಟಾ ಕ್ಯಾರೋಟಿನ್ ಮಾಡಿ ಮಾರೋದು ಸುರುವಾತು. ಪಾಚಿ ಬೆಳಸೋ ಪ್ರಯೋಗ 1960ರ ದಶಕದಾಗ ಸೋವಿಯತ್ ದೇಶದಾಗ ನಡೀತು. 1980ರ ದಶಕದಾಗ ಆಸ್ಟ್ರೇಲಿಯಾದ ಹಟ್ ಲಗೂನ್ ಅನ್ನೋ ಗುಲಾಬಿ ಸರೋವರದ ಕಡೆ ದೊಡ್ಡ ದೊಡ್ಡ ಹೊಂಡ ಮಾಡಿ ಬೆಳಸಿದ್ರು. ಇದಕ್ಕ ಹೊಲ ಬೇಕಿಲ್ಲ, ಸಿಹಿನೀರೂ ಬೇಕಿಲ್ಲ. ಅದು ದೊಡ್ಡ ಲಾಭ. ಆದ್ರ ಹೊಂಡದಷ್ಟು ನೀರು ಸೋಸಿದ್ರ ಸಿಗೋದು ಚೂರ ಪಾಚಿ, ಹಿಂಗಾಗಿ ತುಟ್ಟಿ.

ಅದಕ್ಕ ಎರಡು ಮಾತು ನೆನಪಿಡ್ರಿ. ಡಬ್ಬಿ ಮ್ಯಾಲೆ ಬರೇ ಬೀಟಾ ಕ್ಯಾರೋಟಿನ್ ಅಂತ ಇದ್ರ ಅದು ಪಾಚಿಯದೋ ಕಾರ್ಖಾನಿಯದೋ ತಿಳಿಯೂದಿಲ್ಲ. ಇನ್ನೊಂದು, ಪಾಚಿ ಆ ಬಣ್ಣಾನ ತನ್ನ ಮೈಯೊಳಗ ಹೊಸಾದಾಗಿ ಮಾಡಿಕೊಂತನ ಇರ್ತದ. ಕ್ರೀಮಿನಾಗ ಹಾಕಿದ್ದು ಬೆಳಕು ಗಾಳಿಗೆ ಕೆಡ್ತದ. ಸನ್‌ಸ್ಕ್ರೀನ್ ಬದಲಿಗೆ ಅದನ್ನ ನಂಬಿ ಮಕ್ಕಳನ್ನ ಬಿಸಲಿಗೆ ಕಳಸಬ್ಯಾಡ್ರಿ. ಪಾಚಿಯ ಕೊಡಿ ಪಾಚಿಗೆ ಸಾಕು, ನಮಗ ನಮ್ಮ ಕೊಡಿ ಬೇಕ ಬೇಕು.