ಬೆಳಗಿನ ಕಾಲೇಜು

ದುಡಿಮೆಗಾಗಿ ಓದು ಬಿಡುವ ನಮ್ಮ ಹುಡುಗರನ್ನು ಕಂಡಾಗೆಲ್ಲ ನನಗೆ ಮುಂಬೈನ ಸಿದ್ಧಾರ್ಥ ಕಾಲೇಜು ನೆನಪಾಗುತ್ತೆ. 1946ರಲ್ಲಿ ಅದನ್ನು ತೆರೆದ ಬಾಬಾಸಾಹೇಬರು ತರಗತಿಗಳನ್ನು ಬೆಳಗ್ಗೆ ಇಟ್ಟರು. ಪಾಠ ಮುಗಿಸ್ಕೊಂಡು ಹುಡುಗರು ಕೆಲಸಕ್ಕೆ ಹೋಗ್ಲಿ ಅಂತ! ಬಡವರ ಹೊಟ್ಟೆಪಾಡು ನೋಡಿ ವೇಳಾಪಟ್ಟಿ ಬರೆದೋರು ಇನ್ಯಾರಿದ್ದಾರೆ ಹೇಳಿ?

ಅದಕ್ಕೂ ಎಷ್ಟೋ ಮುಂಚೆ, 1925ರಲ್ಲೇ, ಬಹಿಷ್ಕೃತ ಹಿತಕಾರಿಣಿ ಸಭಾದಿಂದ ಸೊಲ್ಲಾಪುರದಲ್ಲಿ (ಕನ್ನಡ ಕೇಳಿಸೋ ಊರೇ ಅದು) ಹಾಸ್ಟೆಲ್ ತೆರೆಸಿದ್ದರು. ಆಮೇಲೆ ನಮ್ಮ ಧಾರವಾಡದಲ್ಲೂ. ಅಸ್ಪೃಶ್ಯರಿಗೆ ಬಾಡಿಗೆ ಕೋಣೆ ಯಾರು ಕೊಡ್ತಿದ್ರು? ವೈಸರಾಯ್ ಮಂಡಳಿಯಲ್ಲಿದ್ದಾಗ ಹಟ ಹಿಡಿದು ಸರ್ಕಾರದಿಂದ ವಿದ್ಯಾರ್ಥಿವೇತನವನ್ನೂ ತಂದರು, 1944ರಲ್ಲಿ.

ಈಗ? ಎಷ್ಟೋ ಮಕ್ಕಳಿಗೆ ಸ್ಕಾಲರ್‌ಶಿಪ್ ಬರೋದು ಪರೀಕ್ಷೆ ಮುಗಿದ ಮೇಲೆ. ಅಷ್ಟರಲ್ಲಿ ಹುಡುಗ ಡೆಲಿವರಿ ಬೈಕ್ ಹತ್ತಿರ್ತಾನೆ. ಕಾಲೇಜಿಂದ ಬರೋದು ಅಟೆಂಡೆನ್ಸ್ ನೋಟಿಸು.