ಶಿಮ್ಲಾ ಪ್ರವಾಸ ಮತ್ತು ನಮ್ಮೂರಿನ ಸುರಂಗಗಳು



ಬರುವ ಜನವರಿಯಲ್ಲಿ ಹಿಮ ಬೀಳುವುದನ್ನು ನೋಡಲೇಬೇಕೆಂದು ಮೊಮ್ಮಕ್ಕಳ ಹಠ. ಮಾರಿಕುಪ್ಪಂನಿಂದ ಬೆಂಗಳೂರು, ಅಲ್ಲಿಂದ ದೆಹಲಿ, ಮುಂದೆ ಕಾಲ್ಕಾ, ಕಾಲ್ಕಾದಿಂದ ಪುಟ್ಟ ರೈಲಿನಲ್ಲಿ ಶಿಮ್ಲಾ ಎಂದು ಯೋಜನೆ ಹಾಕಿದ್ದೇವೆ. ಮಗಳು ಉಣ್ಣೆಯ ಉಡುಪುಗಳ ಪಟ್ಟಿ ಬರೆಯುತ್ತಿದ್ದರೆ, ನಾನು ಆ ರೈಲುಮಾರ್ಗದ ಚರಿತ್ರೆಯನ್ನು ಓದುತ್ತ ಕುಳಿತೆ.

ಬ್ರಿಟಿಷರು 1864ರಲ್ಲಿ ಶಿಮ್ಲಾವನ್ನು ಬೇಸಿಗೆಯ ರಾಜಧಾನಿ ಮಾಡಿಕೊಂಡರು. ರೈಲು ಬಂದದ್ದು 1903ರಲ್ಲಿ. ಸುಮಾರು 96 ಕಿ.ಮೀ. ಹಾದಿಯಲ್ಲಿ ನೂರಕ್ಕೂ ಹೆಚ್ಚು ಸುರಂಗಗಳಿವೆ. ಅವುಗಳಲ್ಲಿ ಅತಿ ಉದ್ದನೆಯದಾದ ಬರೋಗ್ ಸುರಂಗ ಒಂದು ಕಿ.ಮೀ.ಗೂ ಮಿಗಿಲು. ಮೊದಲು ಎರಡೂ ಬದಿಯಿಂದ ಕೊರೆದ ಸುರಂಗ ನಡುವೆ ಕೂಡಲಿಲ್ಲವೆಂದೂ, ಓದುಬರಹವರಿಯದ ಭಲ್ಕು ಎಂಬ ಗುಡ್ಡಗಾಡಿನವನು ಕೋಲಿನಿಂದ ಬಂಡೆ ತಟ್ಟಿ, ಸದ್ದು ಕೇಳಿ ದಾರಿ ತೋರಿದನೆಂದೂ ಅಲ್ಲಿಯ ಜನ ಹೇಳುತ್ತಾರೆ. ಶಿಮ್ಲಾದ ರೈಲು ವಸ್ತುಸಂಗ್ರಹಾಲಯಕ್ಕೆ ಅವನದೇ ಹೆಸರಿದೆ. 2008ರಲ್ಲಿ ಆ ಮಾರ್ಗ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಓದುತ್ತಿದ್ದಂತೆ ನಮ್ಮ ಚಾಂಪಿಯನ್ ರೀಫ್ ನೆನಪಾಯಿತು. ಅಲ್ಲಿ ಮೂರು ಸಾವಿರ ಮೀಟರಿಗೂ ಆಳಕ್ಕೆ ಇಳಿದವರು ನಿಮ್ಮ ಅಜ್ಜಂದಿರು, ತಂದೆಯಂದಿರು. ಬಂಡೆ ಸಿಡಿದು ಪ್ರಾಣ ತೆತ್ತವರೂ ಉಂಟು. 2001ರಲ್ಲಿ ಗಣಿ ಮುಚ್ಚಿತು. ಜಾನ್ ಟೇಲರ್ ಕಂಪನಿಯ ಹೆಸರು ಚರಿತ್ರೆಯಲ್ಲಿ ಉಳಿಯಿತು. ಇವರ ಹೆಸರುಗಳನ್ನು, ಇದೇ ಊರಿನಲ್ಲಿ ಚರಿತ್ರೆಯ ಪಾಠ ಹೇಳಿದ ನಾನೂ ಬರೆದಿಡಲಿಲ್ಲ.

ನಿಮ್ಮ ಹಿರಿಯರ ಹೆಸರನ್ನು, ಅವರು ದುಡಿದ ಶಾಫ್ಟನ್ನು ದಯವಿಟ್ಟು ಬರೆದು ಕಳುಹಿಸಿರಿ. ಬರೋಗ್ ಸುರಂಗದ ಕತ್ತಲೆಯಲ್ಲಿ ಮೊಮ್ಮಕ್ಕಳಿಗೆ ಅವನ್ನು ಓದಿ ಹೇಳುವೆನು.