ತಲಪಾಡಿಯ ಗಡಿ: ಹದಿನೈದು ಕಿಲೋಮೀಟರಿನ ಇತಿಹಾಸ

ನಮ್ಮ ಉರ್ವಸ್ಟೋರಿನ ಸಮೀಪದ ಕೊಟ್ಟಾರ ಚೌಕಿಯಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66 ನಿಮಗೆಲ್ಲ ಪರಿಚಿತವೇ. 2010ರಲ್ಲಿ ಸಂಖ್ಯೆಗಳು ಬದಲಾಗುವ ತನಕ ಇದು ಹೆದ್ದಾರಿ 17 ಆಗಿತ್ತು. ಪನ್ವೇಲಿನಿಂದ ಕನ್ಯಾಕುಮಾರಿಯವರೆಗೆ ಚಾಚಿರುವ ಈ ಹೆದ್ದಾರಿ ನಂತೂರು, ಪಂಪ್‌ವೆಲ್ ಕಳೆದು, ನೇತ್ರಾವತಿಯನ್ನು ದಾಟಿ, ತೊಕ್ಕೊಟ್ಟು, ಕೋಟೆಕಾರುಗಳ ಮೂಲಕ ತಲಪಾಡಿಯನ್ನು ಸೇರುತ್ತದೆ. ಪಂಪ್‌ವೆಲ್ಲಿನಿಂದ ಅಲ್ಲಿಗೆ ಸುಮಾರು 15 ಕಿ.ಮೀ. ಕರ್ನಾಟಕ ಅಲ್ಲಿಗೆ ಮುಗಿಯುತ್ತದೆ. ಮುಂದಿನದು ಕೇರಳದ ಮಂಜೇಶ್ವರ.

1956ಕ್ಕೆ ಮೊದಲು ಇಲ್ಲಿ ರಾಜ್ಯದ ಗಡಿಯೇ ಇರಲಿಲ್ಲ. ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಮಂಗಳೂರು ಅದರ ಜಿಲ್ಲಾ ಕೇಂದ್ರ. ಕಚೇರಿ, ಕಾಲೇಜು, ಆಸ್ಪತ್ರೆ, ವ್ಯಾಪಾರಗಳಿಗೆಲ್ಲ ಅಲ್ಲಿಯವರು ಬರುತ್ತಿದ್ದುದು ಇಲ್ಲಿಗೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೂ ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೂ ಸೇರಿತು. ಮಂಗಳೂರಿನಲ್ಲಿ ಹುಟ್ಟಿ ಮಂಜೇಶ್ವರದಲ್ಲಿ ನೆಲೆಸಿದ್ದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಬಿರುದನ್ನಿತ್ತದ್ದು ಮದರಾಸು ಸರಕಾರ. 1963ರಲ್ಲಿ ಅವರು ತೀರಿಕೊಂಡಾಗ ಅವರ ಊರು ಕೇರಳದಲ್ಲಿತ್ತು. ಊರು ಕದಲಲಿಲ್ಲ, ಗಡಿ ಕದಲಿತು. ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಗಡಿ ತಲಪಾಡಿಯಲ್ಲೇ ಉಳಿಯಿತು.

1947ರಲ್ಲಿ ಅಮೃತಸರ–ಲಾಹೋರ್ ಹೆದ್ದಾರಿಯನ್ನು ಅಟ್ಟಾರಿ–ವಾಘಾದಲ್ಲಿ ತುಂಡರಿಸಿದ ಗಡಿಯ ಬಗ್ಗೆ ನೀವು ತರಗತಿಯಲ್ಲಿ ಓದಿದ್ದೀರಿ. ಆ ನಗರಗಳ ನಡುವಿನ ದೂರ ಸುಮಾರು 50 ಕಿ.ಮೀ. ಮಾತ್ರ, ಆದರೂ ದಾಟಲು ಪಾಸ್‌ಪೋರ್ಟ್, ವೀಸಾ ಬೇಕಾದವು. ತಲಪಾಡಿಯದು ಅಂಥ ಗಡಿಯಲ್ಲ. ದೇಶದೊಳಗೆ ಮುಕ್ತವಾಗಿ ಸಂಚರಿಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿಯೇ ಕೊಟ್ಟಿದೆ. ಆದ್ದರಿಂದಲೇ ಮಂಜೇಶ್ವರ, ಉಪ್ಪಳದವರು ಕಾಯಿಲೆ ಬಿದ್ದಾಗ ರಾಜ್ಯ ಯಾವುದೆಂದು ಎಣಿಸದೆ ದೇರಳಕಟ್ಟೆಗೋ ಮಂಗಳೂರಿಗೋ ಬರುತ್ತಿದ್ದರು.

2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಭೀತಿಯಿಂದ ಕರ್ನಾಟಕ ಈ ಗಡಿಯನ್ನು ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿಯಲಾಯಿತು. ಆಗ ಕಾಸರಗೋಡಿನಲ್ಲಿ ಸೋಂಕು ಹೆಚ್ಚಾಗಿತ್ತು. ಮಂಗಳೂರಿನ ಆತಂಕ ಕಾರಣವಿಲ್ಲದ್ದೇನಲ್ಲ. ಆದರೆ ಅನ್ಯ ಕಾಯಿಲೆಗಳ ರೋಗಿಗಳೂ ಗಡಿಯಲ್ಲಿ ತಡೆಯಲ್ಪಟ್ಟರು. ಚಿಕಿತ್ಸೆಗೆ ತಲಪಲಾಗದೆ ಕೆಲವರು ಪ್ರಾಣ ಬಿಟ್ಟರೆಂದು ಪತ್ರಿಕೆಗಳು ವರದಿ ಮಾಡಿದವು. ತಡೆಯನ್ನು ತೆರವುಗೊಳಿಸುವಂತೆ ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಕೇಂದ್ರಕ್ಕೆ ಸೂಚಿಸಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ತಲಪಾಡಿಯ ಮೂಲಕ ರೋಗಿಗಳನ್ನು ಬಿಡಲು ಒಪ್ಪಂದವಾಗಿದೆಯೆಂದು ಏಪ್ರಿಲ್ 7ರಂದು ಅಲ್ಲಿ ತಿಳಿಸಲಾಯಿತು. ಜೂನಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆದಾಗ ಗಡಿಯಾಚೆಯ ಮಕ್ಕಳನ್ನು ಬಸ್ಸುಗಳಲ್ಲಿ ಕರೆತರುವ ವ್ಯವಸ್ಥೆಯಾಯಿತು.

ಮಕ್ಕಳನ್ನು ಕರೆತರುವ ದಾರಿ ಜೂನಿನಲ್ಲಿ ಹೊಳೆಯಿತೆಂದರೆ, ರೋಗಿಗಳನ್ನು ತಪಾಸಣೆ ಮಾಡಿ ಒಳಬಿಡುವ ದಾರಿ ಮಾರ್ಚಿನಲ್ಲೇ ಹೊಳೆಯಬಹುದಿತ್ತು ಎಂಬುದು ನನ್ನ ಅಭಿಪ್ರಾಯ. ನನ್ನ ವಿದ್ಯಾರ್ಥಿಗಳಲ್ಲಿ ವೈದ್ಯರಿದ್ದೀರಿ, ಸರಕಾರಿ ಅಧಿಕಾರಿಗಳಿದ್ದೀರಿ. ಮುಂದೆಂದಾದರೂ ರಸ್ತೆ ಮುಚ್ಚುವ ಆದೇಶ ನಿಮ್ಮ ಮೇಜಿಗೆ ಬಂದರೆ, ಸಹಿ ಹಾಕುವ ಮೊದಲು ಆಂಬುಲೆನ್ಸಿಗೆ ದಾರಿ ಎಲ್ಲಿದೆಯೆಂದು ಕೇಳಿರಿ.